ಮಂಗಳವಾರದ ರಾಹುಕಾಲದಲ್ಲಿ ಬದಲಾದ ವಿಳಾಸ

ಸೀತಾಲಕ್ಷ್ಮಿಗೆ ಮರೆವು ಬಂದಿದೆ ಎಂಬ ಸುದ್ದಿ ಊರಿಗೆಲ್ಲ ತಿಳಿದು, ಕಟ್ಟಕಡೆಗೆ ಸೀತಾಲಕ್ಷ್ಮಿಗೂ ತಿಳಿಯಿತು.

ತಿಳಿದದ್ದು ಊಟದ ಎಲೆಯ ಮುಂದೆ. ೨೦೦೪ನೇ ಇಸವಿಯ ಮಾಘಮಾಸ, ಬನಶಂಕರಿ ಎರಡನೇ ಹಂತದ ಒಂದು ಛತ್ರದಲ್ಲಿ ಮದುವೆ. ಎರಡನೇ ಪಂಕ್ತಿಗೆ ಕೂತಿದ್ದಳು. ಕೋಸಂಬರಿ ಬಡಿಸಿಹೋಗಿದ್ದರು, ಪಲ್ಯ ಇನ್ನೂ ಬಂದಿರಲಿಲ್ಲ. ಪಕ್ಕದ ಎಲೆಗೆ ಸುಬ್ರಹ್ಮಣ್ಯಪುರದ ವಿಮಲಾ ಬಂದು ಕೂತಳು. ಕೂತವಳು ಇವಳ ಮುಖದ ಹತ್ತಿರ ಬಾಗಿ, ಎಳೆಮಗುವಿಗೆ ಹೇಳುವ ಹಾಗೆ ಒಂದೊಂದೇ ಅಕ್ಷರ ಬಿಡಿಸಿ ಕೂಗಿದಳು.

"ದೊಡ್ಡಮ್ಮಾ, ನಾನು ವಿ-ಮ-ಲಾ. ಗೊತ್ತಾಯ್ತಾ? ವಿಮಲಾ!"

"ಯಾಕೇ ಹೀಗೆ ಅರಚ್ತೀಯ? ನನ್ನ ಕಿವಿ ನೆಟ್ಟಗಿದೆ," ಎಂದಳು ಸೀತಾಲಕ್ಷ್ಮಿ. "ನಿನ್ನ ಮದುವೆ ಗೊತ್ತು ಮಾಡಿದ್ದೇ ನಾನಲ್ವೇನೇ? ನೀನು ಹಸ್ತ ಎರಡನೇ ಪಾದ, ನಿನ್ನ ಗಂಡ ಶ್ರವಣ. ಹೆಣ್ಣು ನೋಡೋಕೆ ಬಂದ ದಿನ ನಿಮ್ಮಮ್ಮ ಗಾಬರೀಲಿ ಉಪ್ಪಿಟ್ಟಿಗೆ ಎರಡು ಸಲ ಉಪ್ಪು ಹಾಕಿದ್ಲು. ನಿಮ್ಮ ಮಾವ ಒಂದು ಮಾತಾಡದೆ ತಿಂದು ಮೂರು ಲೋಟ ನೀರು ಕುಡಿದ್ರು. ಆಗಲೇ ನಾನಂದೆ, ಈ ಮನೆ ಒಳ್ಳೇದು, ಕೊಡಿ ಅಂತ."

ವಿಮಲಾಳ ಕೈ ಎಲೆಯ ಮೇಲೇ ನಿಂತಿತು.

"ಮತ್ತೆ... ಪ್ರಸಾದ್ ಅಂಕಲ್ ಹೇಳಿದ್ರಲ್ಲಾ..."

"ನನ್ನ ಮೈದುನನಾ? ಏನು ಹೇಳ್ದ?"

"ನಿಮಗೆ ಅರಳುಮರಳು ಅಂತ. ಒಬ್ರ ನಕ್ಷತ್ರ ಇನ್ನೊಬ್ರಿಗೆ ಹೇಳ್ಬಿಡ್ತೀರಂತೆ. ಅತ್ತಿಗೆ ಹತ್ರ ಹೋಗ್ಬೇಡಿ, ಪಾಪ ಅವರಿಗೂ ಕಷ್ಟ, ಜೆ.ಪಿ. ನಗರದ ಆಫೀಸಿಗೇ ಬನ್ನಿ ಅಂದ್ರು. ನಮ್ಮತ್ತೇಗೂ ಹೇಳಿದಾರೆ."

ಸೀತಾಲಕ್ಷ್ಮಿ ಎಲೆ ಬಿಟ್ಟು ಏಳಲಿಲ್ಲ. ಪಾಯಸ ಬಂದಾಗ ಎರಡು ಸಲ ಹಾಕಿಸಿಕೊಂಡಳು. ಸಿಟ್ಟಿಗೆ ಊಟ ಬಿಡುವ ಹೆಂಗಸಲ್ಲ ಅವಳು. ಸಿಟ್ಟನ್ನು ಸಾಕಬೇಕು ಎಂದರೆ ಅದಕ್ಕೂ ಎರಡು ತುತ್ತು ಹಾಕಬೇಕು.

ಅವಳು ಓದಿದ್ದು ನಾಲ್ಕನೇ ಕ್ಲಾಸು. ಮಾಗಡಿ ಕಡೆಯ ಹುಡುಗಿ, ಹದಿನಾರಕ್ಕೆ ಮದುವೆಯಾಗಿ ಯಡಿಯೂರು ಕೆರೆಯ ಹಿಂದಿನ ಬೀದಿಗೆ ಬಂದಳು. ಆಗ ಅಲ್ಲಿ ಮನೆಗಿಂತ ಹೊಂಗೆಮರ ಹೆಚ್ಚು. ಮಕ್ಕಳಾಗಲಿಲ್ಲ. ಗಂಡ ಕಾರ್ಖಾನೆಯ ಕೆಲಸದಲ್ಲಿದ್ದವರು, ನಲವತ್ತೊಂಬತ್ತಕ್ಕೇ ಎದೆನೋವೆಂದು ಹೋದರು. ಅವರು ತೀರಿಕೊಂಡ ವರ್ಷ ಮನೆಯೊಳಗೇ ಕೂತಿದ್ದ ಸೀತಾಲಕ್ಷ್ಮಿಗೆ ಎದುರುಮನೆಯವರು ಬಂದು, "ನಮ್ಮ ಹುಡುಗಿ ಜಾತಕ ಇದು, ನಿಮಗೆ ಗೊತ್ತಿರೋ ಕಡೆ ಎಲ್ಲಾದ್ರೂ ಹೇಳಿ" ಎಂದರು. ಅವಳು ಒಂದು ಉದ್ದ ನೋಟ್‌ಬುಕ್ ತಂದು, ಮೊದಲ ಹಾಳೆಗೆ ಅರಿಸಿನ ಹಚ್ಚಿ, ಬರೆದಿಟ್ಟಳು. ಗೋತ್ರ, ನಕ್ಷತ್ರ, ಪಾದ, ಹುಡುಗಿಯ ಎತ್ತರ, ಅಡುಗೆ ಬರುತ್ತದೋ ಇಲ್ಲವೋ.

ಹದಿನೈದು ವರ್ಷದಲ್ಲಿ ಹನ್ನೊಂದು ನೋಟ್‌ಬುಕ್ಕಾಯಿತು. ಜಯನಗರ, ಬನಶಂಕರಿ, ಬಸವನಗುಡಿಯ ತಾಯಂದಿರು ಮಧ್ಯಾಹ್ನ ಊಟ ಮುಗಿಸಿ ಬಂದು ಅವಳ ಜಗುಲಿಯ ಮೇಲೆ ಕೂರುತ್ತಿದ್ದರು. ನೋಟ್‌ಬುಕ್ ತೆಗೆಯುವುದು ಹೊಸಬರಿಗೆ ನಂಬಿಕೆ ಬರಲೆಂದು ಮಾತ್ರ. ಉಳಿದವರಿಗೆ ಅವಳು ಹುರುಳಿ ಆರಿಸುತ್ತಲೇ ಹೇಳಿಬಿಡುತ್ತಿದ್ದಳು. "ನಿಮ್ಮ ಹುಡುಗನಿಗೆ ಚಾಮರಾಜಪೇಟೆ ರೇವತಿ ಹುಡುಗಿ ಸರಿ. ಬೇಡ, ಬೇಡ, ಅವಳದ್ದೂ ಕೌಶಿಕ ಗೋತ್ರವೇ. ತಾಳಿ, ಮಲ್ಲೇಶ್ವರದಲ್ಲಿ ಇನ್ನೊಬ್ಬಳಿದಾಳೆ." ಫೋನ್ ನಂಬರೂ ಬಾಯಲ್ಲೇ. ಆ ನೆನಪಿನ ಶಕ್ತಿ ಅವಳಿಗೆ ಯಾರೂ ಕೊಟ್ಟಿದ್ದಲ್ಲ, ಹುಟ್ಟುವಾಗಲೇ ತಂದದ್ದು. ಗಂಡ, ಮಕ್ಕಳು, ಓದು ಯಾವುದೂ ಇಲ್ಲದ ಹೆಂಗಸಿಗೆ ಅದೊಂದೇ ಆಸ್ತಿ. ಅದನ್ನೇ ಮೈದುನ ರಾಮಪ್ರಸಾದ ಇಲ್ಲವೆಂದು ಡಂಗುರ ಹೊಡೆದಿದ್ದ.

ರಾಮಪ್ರಸಾದ ಗಂಡನ ಕೊನೆಯ ತಮ್ಮ. ಸರ್ಕಾರಿ ಕಚೇರಿಯಿಂದ ಬೇಗನೆ ನಿವೃತ್ತಿ ತೆಗೆದುಕೊಂಡು ಜೆ.ಪಿ. ನಗರದಲ್ಲಿ ಮನೆ ಕಟ್ಟಿಸಿಕೊಂಡಿದ್ದ. ೨೦೦೧ರ ಶ್ರಾವಣದಲ್ಲಿ ಬಂದು, "ಅತ್ತಿಗೆ, ಕಾಲ ಬದಲಾಯ್ತು, ಈಗೆಲ್ಲಾ ವೆಬ್‌ಸೈಟು" ಎಂದ. ಅವಳ ಹೆಸರಿನಲ್ಲೇ, ಸೀತಾಲಕ್ಷ್ಮಿ ವಧೂವರ ಎಂದೇ ವೆಬ್‌ಸೈಟ್ ಆಯಿತು. ಜನ ಕಂಪ್ಯೂಟರಿನಲ್ಲಿ ಆ ಹೆಸರಿಗೆ ಕಾಗದ ಬರೆಯಬಹುದಂತೆ. ಟೈಪ್ ಮಾಡಿಸಿ ವಾಪಸ್ ಕೊಡುತ್ತೇನೆಂದು ಹನ್ನೊಂದೂ ನೋಟ್‌ಬುಕ್ಕನ್ನು ರಟ್ಟಿನ ಡಬ್ಬದಲ್ಲಿ ತುಂಬಿಕೊಂಡು ಹೋದ. ನೋಟ್‌ಬುಕ್ ವಾಪಸ್ ಬರಲಿಲ್ಲ. ಮನೆಯ ಕೆಳಗೆ ಅವನ ಆಫೀಸು ಎದ್ದಿತು, ಬೋರ್ಡು ಬಂತು. ಇವಳ ಜಗುಲಿಗೆ ಬರುವವರು ವಾರಕ್ಕೆ ಹತ್ತು ಇದ್ದವರು ಐದಾದರು, ಎರಡಾದರು, ಆಮೇಲೆ ಇಲ್ಲ. ಕಾಲ ಬದಲಾಯ್ತು ಎಂದು ಅವಳೂ ನಂಬಿಕೊಂಡಿದ್ದಳು.

ಮದುವೆಮನೆಯಿಂದ ಬಂದ ಮಾರನೆಯ ದಿನವೇ ಸೀರೆ ಬದಲಾಯಿಸಿ ಕೆರೆಯ ಮುಂದಿನ ಲಕ್ಕಪ್ಪನ ಬ್ರೌಸಿಂಗ್ ಸೆಂಟರಿಗೆ ಹೊರಟಳು. ಲಕ್ಕಪ್ಪ ಐವತ್ತರ ಆಳು. ಬೊಮ್ಮನಹಳ್ಳಿಯ ಗಾರ್ಮೆಂಟ್ಸ್‌ನಲ್ಲಿ ಸೂಪರ್‌ವೈಸರ್ ಆಗಿದ್ದು, ಆ ಘಟಕ ಮುಚ್ಚಿದ ಮೇಲೆ ಕಂಪ್ಯೂಟರ್ ರಿಪೇರಿ, ನೆಟ್‌ವರ್ಕು ಕಲಿತು ಆರು ಕಂಪ್ಯೂಟರಿನ ಅಂಗಡಿ ಇಟ್ಟಿದ್ದ. ಗೋಡೆಯ ಮೇಲೆ ಮಾದೇಶ್ವರ, ಪಕ್ಕದಲ್ಲಿ 'ಗಂಟೆಗೊಮ್ಮೆ ಎದ್ದೇಳಿ' ಎಂಬ ಫಲಕ.

"ಲಕ್ಕಪ್ಪ, ನನ್ನ ಹೆಸರಿಗೆ ಬರೆದ ಕಾಗದ ಯಾರಿಗೆ ಹೋಗುತ್ತೆ ಅಂತ ಪತ್ತೆಮಾಡ್ಬೇಕು ನೋಡು."

"ಬರ್ದು ನೋಡಿದ್ರೆ ಆಯ್ತು, ಅಮ್ಮಾವ್ರೇ. ಸುಳ್ಳು ಹೆಸರಲ್ಲಿ ಒಂದು ಕಾಗ್ದ ಬಿಡಾಣ."

ಲಕ್ಕಪ್ಪ ಎರಡು ಬೆರಳಲ್ಲಿ ಕುಟ್ಟಿದ. ಹಾಸನದ ಒಬ್ಬ ತಂದೆ, ಮಗಳು ಎಂ.ಎ., ಸೀತಾಲಕ್ಷ್ಮಿಯವರನ್ನೇ ಕಂಡು ಮಾತಾಡಬೇಕು. ಮೂರು ದಿನಕ್ಕೆ ಉತ್ತರ ಬಂತು. ಲಕ್ಕಪ್ಪ ಓದುತ್ತಾ ಓದುತ್ತಾ ದನಿ ಇಳಿಸಿದ.

"ಯಾಕೆ ನಿಲ್ಲಿಸ್ದೆ? ಪೂರ್ತಿ ಓದು."

"'ಶ್ರೀಮತಿ ಸೀತಾಲಕ್ಷ್ಮಿಯವರಿಗೆ ವಯೋಸಹಜ ಮರೆವು ಉಂಟಾಗಿರುವುದರಿಂದ ಅವರು ಯಾರನ್ನೂ ಭೇಟಿಯಾಗುವ ಸ್ಥಿತಿಯಲ್ಲಿಲ್ಲ. ದಯಮಾಡಿ ನನ್ನನ್ನು ಕಾಣಿರಿ.' ಕೆಳಗೆ ರಾಮಪ್ರಸಾದ ಅಂತ ಐತೆ."

"ಅದನ್ನ ಹಾಳೇಲಿ ಇಳಿಸಿ ಕೊಡು," ಎಂದಳು. ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. "ನನ್ನ ಹೆಸರು ಬರೆದ ಕಾಗದ ಅವನ ಕೈಗೆ ಹೇಗೆ ಬೀಳುತ್ತೆ? ನಮ್ಮ ಪೋಸ್ಟ್‌ಮ್ಯಾನ್ ಸಿದ್ದಲಿಂಗಯ್ಯ ಒಂದು ದಿನ ಬೇರೆ ಮನೆಗೆ ಹಾಕಿಲ್ಲ."

ಲಕ್ಕಪ್ಪ ಕುರ್ಚಿ ಎಳೆದುಕೊಟ್ಟ. ಕಂಪ್ಯೂಟರಿನಲ್ಲಿ ಒಂದು ಕಪ್ಪು ಚೌಕ ತೆರೆದು ಅವಳ ಹೆಸರನ್ನು ಕುಟ್ಟಿದ. ಬಿಳಿ ಅಕ್ಷರದ ಸಾಲುಗಳು ಇಳಿದವು.

"ಇಲ್ಲಿ ಒಂದೊಂದು ಹೆಸರಿಗೂ ಒಂದು ದಾಖಲೆ ಪುಸ್ತಕ ಇರ್ತದೆ, ಅಮ್ಮಾವ್ರೇ. ಡಿ.ಎನ್.ಎಸ್. ಅಂತಾರೆ. ಯಾರು ಬೇಕಾದ್ರೂ ಕೇಳ್ಬೋದು, ಹೇಳ್ತದೆ. ಆದ್ರೆ ಬರಿಯಾಕೆ ಆಗೋದು ಕೀಲಿ ಇರೋನಿಗೆ ಮಾತ್ರ. ಈ ಸಾಲು ನೋಡಿ, ಇದು ಎ ದಾಖಲೆ. ನಿಮ್ಮ ವೆಬ್‌ಸೈಟಿನ ಪುಟ ಯಾವ ಮಿಷಿನ್ನಲ್ಲಿ ಕುಂತೈತೆ ಅಂತ ಅದರ ನಂಬರು."

"ಮನೆಯ ಬಾಗಿಲ ನಂಬರು ಅನ್ನು."

"ಹೂಂ. ಇದು ಎಂ.ಎಕ್ಸ್. ಕಾಗ್ದ ಬಂದ್ರೆ ಯಾವ ಡಬ್ಬಿಗೆ ಹಾಕ್ಬೇಕು ಅಂತ."

ಸೀತಾಲಕ್ಷ್ಮಿ ಪರದೆಗೆ ಮೂಗು ತಾಗುವಷ್ಟು ಬಾಗಿದಳು. "ಮನೆ ಒಂದು ಕಡೆ, ಕಾಗದದ ಡಬ್ಬಿ ಬೇರೆ ಕಡೆ ಇಡಬಹುದಾ?"

"ಇಡ್ಬೋದು. ನಿಮ್ಮ ಮೈದುನ ಇಟ್ಟವ್ರಲ್ಲ, ಅವರ ಆಫೀಸ್ ಡಬ್ಬಿ."

"ಪುಸ್ತಕ ಯಾರ ವಶದಲ್ಲಿದೆ?"

"ಅದಕ್ಕೊಂದು ಸಾಲೈತೆ, ಎನ್.ಎಸ್. ಅಂತ. ಶಾನುಭೋಗರು ಯಾರು ಅಂತ ಹೇಳೋ ಸಾಲು ಅನ್ಕೊಳಿ. ಇದು ಬಿ.ಟಿ.ಎಂ. ಲೇಔಟಿನ ಒಂದು ಕಂಪನಿ. ಅವರತ್ರ ಐತೆ." ಲಕ್ಕಪ್ಪ ತಲೆ ಕೆರೆದುಕೊಂಡ. "ಆದ್ರೆ ಯಜಮಾನ್ರು ಕೇಳಿದ್ರೆ ತಾನೇ ಅವರು ಬದಲಾಯ್ಸೋದು? ಹೆಸರು ಯಾರ ಖಾತೇಲೈತೋ ನೋಡಾಣ."

ಇನ್ನೊಂದು ಪುಟ ತೆರೆದ. ಓದಿದ. ಮತ್ತೆ ಓದಿದ. ಆಮೇಲೆ ಕುರ್ಚಿಯನ್ನು ಹಿಂದಕ್ಕೆ ತಳ್ಳಿ ಗಹಗಹಿಸಿ ನಕ್ಕ.

"ಅಮ್ಮಾವ್ರೇ, ಯಜಮಾನ್ರು ನೀವೇ! ಸೀತಾಲಕ್ಷ್ಮಿ, ಯಡಿಯೂರು, ನಿಮ್ಮ ಮನೆ ನಂಬರು, ನಿಮ್ಮ ಫೋನ್ ನಂಬರು. ಯಾರಾದ್ರೂ ಮಾಡ್ತಾರಾ ಹಿಂಗೆ? ಕದಿಯೋ ಹಸೂನ ಕದಿಸ್ಕೊಳೋರ ಹೆಸರಿಗೇ ಬರೆಸ್ಬುಟ್ಟವ್ನೆ!"

ಸೀತಾಲಕ್ಷ್ಮಿ ನಗಲಿಲ್ಲ. ಅವಳಿಗೆ ಆ ದಿನ ಕಣ್ಣಿಗೆ ಕಟ್ಟಿದ ಹಾಗೆ ಬಂತು. ಶ್ರಾವಣ ಶುಕ್ರವಾರ, ಅವಳು ಹೂರಣ ರುಬ್ಬುತ್ತಿದ್ದಳು. ರಾಮಪ್ರಸಾದ ಫಾರಂ ಹಿಡಿದು ಅಡುಗೆಮನೆಯ ಹೊಸ್ತಿಲ ಹೊರಗೇ ನಿಂತಿದ್ದ. "ಅತ್ತಿಗೆ, ನಾನು ರೋಹಿಣಿ, ನನಗೀಗ ಸಾಡೇಸಾತಿ. ನನ್ನ ಹೆಸರಲ್ಲಿ ಏನು ಶುರುಮಾಡಿದ್ರೂ ಮಣ್ಣುಪಾಲಾಗುತ್ತೆ ಅಂತ ಜೋಯಿಸರು ಹೇಳಿದಾರೆ. ನನ್ನ ಹೆಂಡತಿಗೂ ಈಗ ಟೈಮ್ ಸರಿಯಿಲ್ಲ. ನೀವು ಸ್ವಾತಿ, ಗುರುಬಲ ಇದೆ. ಇಲ್ಲೊಂದು ರುಜು ಹಾಕಿ." ಅವಳು ಹೂರಣದ ಕೈ ತೊಳೆದುಕೊಂಡು ಬಂದು ರುಜು ಹಾಕಿದ್ದಳು. ಫಾರಂನ ಮೂಲೆಯಲ್ಲಿ ಬೆಲ್ಲದ ಕಲೆ ಕೂಡ ಆಗಿತ್ತು. ಶನಿಗೆ ಹೆದರಿ ಅವನು ಬರೆಸಿದ, ಆಮೇಲೆ ಮರೆತ. ಅವಳು ಮರೆತಿರಲಿಲ್ಲ, ಅದೇನು ಕಾಗದ ಎಂದು ಮಾತ್ರ ಈವತ್ತು ತಿಳಿಯಿತು.

"ಯಾರಿಗೆ ಮರೆವು?" ಎಂದಳು.

ಬಿ.ಟಿ.ಎಂ. ಲೇಔಟಿಗೆ ಎರಡು ಬಸ್ಸು ಬದಲಾಯಿಸಿ ಒಬ್ಬಳೇ ಹೋದಳು. ಕೈಚೀಲದಲ್ಲಿ ರೇಷನ್ ಕಾರ್ಡು, ವೋಟರ್ ಕಾರ್ಡು, ಕರೆಂಟ್ ಬಿಲ್ಲು, ಗಂಡನ ಮರಣಪತ್ರ, ಒಂದು ಬಾಳೆಹಣ್ಣು. ಕಂಪನಿ ಎಂದರೆ ಬೇಕರಿಯ ಮೇಲಿನ ಒಂದು ಮಹಡಿ. ಮೇಜಿನ ಆಚೆ ಕೂತಿದ್ದ ಹೆಂಗಸು ಹುಬ್ಬಳ್ಳಿಯವಳು, ಅನ್ನಪೂರ್ಣ. ಹಣೆಯಗಲ ಕುಂಕುಮ, ಕಿವಿಗೆ ಫೋನಿನ ತಂತಿ.

"ಬರ್ರಿ ಅಮ್ಮಾರ, ಕುಂದರ್ರಿ. ಏನಾಗಬೇಕಿತ್ರಿ?"

"ನನ್ನ ಹೆಸರಿನ ಕೀಲಿ ಬೇಕಾಗಿತ್ತಮ್ಮ."

ಅನ್ನಪೂರ್ಣ ಎಲ್ಲ ಕೇಳಿದಳು. ಒಳಗಿನಿಂದ ಫೈಲು ತಂದು, ೨೦೦೧ರ ಫಾರಂ ತೆಗೆದು, "ಇಲ್ಲೊಂದು ಸಹಿ ಮಾಡ್ರಿ, ನೋಡೂಣು" ಎಂದು ಬಿಳಿಹಾಳೆ ಮುಂದಿಟ್ಟಳು. ಸೀತಾಲಕ್ಷ್ಮಿ ನಾಲ್ಕನೇ ಕ್ಲಾಸಿನ ಗುಂಡಗಿನ ಅಕ್ಷರದಲ್ಲಿ ಬರೆದಳು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ ಅನ್ನಪೂರ್ಣ, "ತದ್ರೂಪ ಐತ್ರಿ. ಆದ್ರ ಈ ಫಾರಂ ಮ್ಯಾಲ ಏನೋ ಕಲಿ ಆಗೇತಲ್ಲ?" ಎಂದಳು.

"ಬೆಲ್ಲ. ಹೂರಣ ರುಬ್ಬುತ್ತಿದ್ದೆ."

"ಎರಡೂವರಿ ವರ್ಷದ ಮ್ಯಾಲೂ ನೆನಪೈತೇನ್ರಿ ನಿಮಗ?"

"ಅದನ್ನೇ ಒಂದು ಹಾಳೇಲಿ ಬರೆದುಕೊಡು ತಾಯಿ, ನಲವತ್ತೊಂದು ಮನೆಗೆ ತೋರಿಸ್ಬೇಕು," ಎಂದಳು ಸೀತಾಲಕ್ಷ್ಮಿ. ಮದುವೆಮನೆಯ ದಿನದಿಂದ ಅವಳು ಮನೆಮನೆಗೆ ಫೋನು ಮಾಡಿ, ಕುಶಲ ಕೇಳುವ ನೆಪದಲ್ಲಿ, ಮೈದುನ ಯಾರ್‍ಯಾರಿಗೆ ಆ ಮಾತು ಹೇಳಿದ್ದಾನೆ ಎಂದು ತಿಳಿದುಕೊಂಡಿದ್ದಳು. ಎಲ್ಲೂ ಬರೆದಿಟ್ಟಿರಲಿಲ್ಲ. ನಲವತ್ತೊಂದು.

ಅರ್ಜಿ, ಗುರುತಿನ ಚೀಟಿಯ ನಕಲು ಎಲ್ಲ ಆಗಿ ನಾಲ್ಕು ದಿನದ ಮೇಲೆ ಕೀಲಿಯ, ಅಂದರೆ ಪಾಸ್‌ವರ್ಡಿನ, ಅಕ್ಷರಗಳಿದ್ದ ಲಕೋಟೆ ಕೈಗೆ ಬಂತು. ಸೀತಾಲಕ್ಷ್ಮಿಯ ಹೆಸರಿಗೇ ಹೊಸ ಕಾಗದದ ಡಬ್ಬಿಯನ್ನೂ ಅನ್ನಪೂರ್ಣ ತೆರೆದುಕೊಟ್ಟಳು. "ಇನ್ನ ಮ್ಯಾಲ ನಿಮ್ಮನ್ನ ಕೇಳದ ಯಾರೂ ಮುಟ್ಟಂಗಿಲ್ರಿ" ಎಂದಳು.

ಮಂಗಳವಾರ ಮಧ್ಯಾಹ್ನ ಮೂರು ಹತ್ತಕ್ಕೆ ಅವಳು ಲಕ್ಕಪ್ಪನ ಅಂಗಡಿಗೆ ಬಂದಳು. ಲಕ್ಕಪ್ಪ ಗಡಿಯಾರ ನೋಡಿದ.

"ಅಮ್ಮಾವ್ರೇ, ರಾಹುಕಾಲ. ನಾಕೂವರೆ ಆಗ್ಲಿ, ಮಾಡಾಣ."

"ಈಗಲೇ ಮಾಡು. ರಾಹುಕಾಲದಲ್ಲಿ ಶುರುಮಾಡಿದ್ದು ಕೆಡುತ್ತೆ ಅಂತಾರಲ್ಲ, ಕೆಡಲಿ ಅಂತಲೇ ಮಾಡ್ತಿರೋದು."

"ವೆಬ್‌ಸೈಟೇ ಕಿತ್ತಾಕ್ಬುಡ್ಲಾ? ಎ ದಾಖಲೆ ಅಳಿಸಿದ್ರೆ ಅವರ ಪುಟಾನೇ ಕಾಣಲ್ಲ."

ಅವಳು ಬಹಳ ಹೊತ್ತು ಯೋಚಿಸಿದಳು. "ಬೇಡ. ಅದು ಕಂಡುಬಿಡುತ್ತೆ, ಅವತ್ತೇ ಓಡಿಬರ್ತಾನೆ. ಮನೆ ಹಾಗೇ ಇರ್ಲಿ, ಬೋರ್ಡು, ದೀಪ ಎಲ್ಲ ಉರೀತಿರ್ಲಿ. ಡಬ್ಬಿ ಮಾತ್ರ ಕಿತ್ತು ನನ್ನ ಬಾಗಿಲಿಗೆ ಹೊಡಿ."

ಲಕ್ಕಪ್ಪ ಎಂ.ಎಕ್ಸ್. ಸಾಲನ್ನು ಬದಲಾಯಿಸಿದ. ಬುಧವಾರ ಅವಳು ಹತ್ತು ಗಂಟೆಗೇ ಬಂದು ಕೂತಳು. ಡಬ್ಬಿ ಖಾಲಿ. ಮಧ್ಯಾಹ್ನವೂ ಖಾಲಿ. ಅವಳ ಮುಖ ಬಾಡಿತು.

"ಏನೋ ತಪ್ಪು ಬರೆದಿದೀಯ ನೀನು."

"ಇಲ್ಲ ಅಮ್ಮಾವ್ರೇ, ನೋಡಿ ಬೇಕಾದ್ರೆ." ಮತ್ತೆ ಕಪ್ಪು ಚೌಕ ತೆರೆದ. "ಈ ಸಾಲಿನ ಪಕ್ಕ ಎಂಬತ್ತಾರು ಸಾವಿರದ ನಾನೂರು ಅಂತೈತಲ್ಲ, ಅಷ್ಟು ಸೆಕೆಂಡು ಅಂದ್ರೆ ಒಂದು ದಿನ. ಹಳೇ ವಿಳಾಸ ಒಂದ್ಸಲ ಕೇಳಿ ಬರ್ಕೊಂಡೋರು ಅಷ್ಟು ಹೊತ್ತು ಅದನ್ನೇ ನಂಬ್ತಾರೆ. ಮತ್ತೆ ಕೇಳಾಕೆ ಬರಲ್ಲ. ದಿನ ಕಳುದ್ಮೇಲೆ ಕೇಳ್ತಾರೆ, ಆಗ ಹೊಸದು ಸಿಗ್ತದೆ."

ಸೀತಾಲಕ್ಷ್ಮಿ ಆ ಅಂಕಿಯನ್ನೇ ನೋಡುತ್ತಾ ಕೂತಳು. "ಹಾಗಾದ್ರೆ ಇದಕ್ಕೊಂದು ನಿಯಮ ಇದೆ. ನನಗೆ ಅರಳುಮರಳು ಅಂತ ಬರ್ಕೊಂಡಿದಾರಲ್ಲ ನಲವತ್ತೊಂದು ಮನೇಲಿ, ಅವರು ಮತ್ತೆ ಯಾವಾಗ ಕೇಳ್ತಾರೆ?"

"ಅವರು ಕೇಳಲ್ಲ, ಅಮ್ಮಾವ್ರೇ. ಹೇಳಿದೋನೇ ಹೋಗಿ ಹೇಳ್ಬೇಕು."

ಆ ಮಾತು ಲಕ್ಕಪ್ಪ ಸುಮ್ಮನೆ ಆಡಿದ್ದು. ಅವಳು ಅದನ್ನೂ ಸೆರಗಿಗೆ ಗಂಟು ಹಾಕಿಕೊಂಡಳು.

ಗುರುವಾರ ಎರಡು ಕಾಗದ ಬಂದವು. ಶನಿವಾರ ಐದು. ಲಕ್ಕಪ್ಪ ಓದುತ್ತಿದ್ದ, ಅವಳು ಉತ್ತರ ಹೇಳುತ್ತಿದ್ದಳು. ನೋಟ್‌ಬುಕ್ ಇಲ್ಲ, ಪಂಚಾಂಗ ಇಲ್ಲ. "ಬರಿ, ನಿಮ್ಮ ಹುಡುಗಿಗೆ ಸರಿಯಾದ ಹುಡುಗ ಶ್ರೀನಗರದಲ್ಲಿದ್ದಾನೆ, ಉತ್ತರಾಷಾಢ, ಒಂದನೇ ಪಾದ, ಕಾಲು ಸ್ವಲ್ಪ ಎಳೀತಾನೆ, ಅದನ್ನ ಮುಚ್ಚಿಡಲ್ಲ, ಗುಣ ಚಿನ್ನ." ಪ್ರತಿ ಕಾಗದದ ಕೊನೆಗೂ ಒಂದು ಸಾಲು ಸೇರಿಸುತ್ತಿದ್ದಳು: 'ಇದನ್ನು ನಾನೇ ನೆನಪಿನಿಂದ ಹೇಳಿ ಬರೆಸಿದ್ದೇನೆ.'

ಮೂರನೇ ವಾರಕ್ಕೆ ರಾಮಪ್ರಸಾದನ ಫೋನು ಬಂತು. ಆಫೀಸಿನಲ್ಲಿ ಶನಿಶಾಂತಿ ಹೋಮ, ಬರಬೇಕು.

ಅವಳು ಹೋದಳು. ಆಫೀಸಿನ ಕುರ್ಚಿ ಮೇಜೆಲ್ಲ ಗೋಡೆಗೆ ಒತ್ತರಿಸಿ, ನಡುವೆ ಹೋಮಕುಂಡ. ಕಂಪ್ಯೂಟರಿಗೂ ಕುಂಕುಮ ಇಟ್ಟು ಮಲ್ಲಿಗೆ ಮುಡಿಸಿದ್ದರು. ಕಪಾಟಿನ ಮೇಲೆ, ಧೂಳು ಹಿಡಿದ ರಟ್ಟಿನ ಡಬ್ಬದಲ್ಲಿ ಅವಳ ಹನ್ನೊಂದು ನೋಟ್‌ಬುಕ್. ರಾಮಪ್ರಸಾದನ ಕಣ್ಣಿನ ಕೆಳಗೆ ಕಪ್ಪು ಕಟ್ಟಿತ್ತು.

"ಅತ್ತಿಗೆ, ನಿಮಗೆ ನೆನಪಿರಲ್ಲ ಅಂತ ಬೆಳಗ್ಗೆ ಇನ್ನೊಂದ್ಸಲ ಫೋನ್ ಮಾಡಿಸ್ದೆ," ಎಂದ, ನಾಲ್ಕು ಜನರ ಮುಂದೆ. "ಮೂರು ವಾರದಿಂದ ಒಂದು ಕಾಗದ ಇಲ್ಲ. ಒಂದೇ ಒಂದು. ಶನಿ ಬಿಡೋ ಮುಂಚೆ ಒದ್ದು ಹೋಗ್ತಾನೆ ಅಂತಾರಲ್ಲ, ಹಾಗಾಗಿದೆ."

"ಒದೀತಾನೆ, ಒದೀತಾನೆ," ಎಂದಳು ಸೀತಾಲಕ್ಷ್ಮಿ. "ಕಂಪ್ಯೂಟರಿನೋರಿಗೆ ತೋರಿಸ್ದೆಯಾ?"

"ಅದರಲ್ಲೇನಿದೆ ತೋರ್ಸೋಕೆ? ವೆಬ್‌ಸೈಟ್ ಚೆನ್ನಾಗೇ ಕಾಣ್ತಿದೆಯಲ್ಲ."

ಅವಳು ಒಳಗೆ ಹೋಗಿ ಓರಗಿತ್ತಿ ಕಮಲಾದೇವಿಯ ಪಕ್ಕ ಕೂತು ಒಬ್ಬಟ್ಟು ತಟ್ಟಿದಳು. ಊಟಕ್ಕೆ ಮೂರು ಒಬ್ಬಟ್ಟು ತಿಂದಳು, ತುಪ್ಪ ಹಾಕಿಸಿಕೊಂಡು. ಅಷ್ಟು ರುಚಿಯ ಒಬ್ಬಟ್ಟು ಅವಳು ಗಂಡ ಹೋದ ಮೇಲೆ ತಿಂದಿರಲಿಲ್ಲ.

ಕಮಲಾದೇವಿ ಅಡುಗೆಮನೆಯಲ್ಲಿ ಮೆಲ್ಲಗೆ ಹೇಳಿದಳು. "ಅಕ್ಕ, ನಮ್ಮ ಧೃತಿಗೆ ಮೈಸೂರಿನ ಸಂಬಂಧ ಒಂದು ಬಂದಿತ್ತು. ಹುಡುಗನ ಹೆಸರು ವಿಷ್ಣು. ಒಪ್ಪಿಗೆ ಅಂತ ಬರೀತೀವಿ ಅಂದಿದ್ರು. ಬರೀಲೇ ಇಲ್ಲ. ನಾವಾಗೇ ಕೇಳಿದ್ರೆ ಹಗುರ ಆಗ್ತೀವಿ ಅಂತ ಇವರು ಫೋನೂ ಮಾಡಲ್ಲ."

ಆ ಕಾಗದ ಸೀತಾಲಕ್ಷ್ಮಿಯ ಡಬ್ಬಿಗೆ ಬಂದು ಆಗಲೇ ಎರಡು ದಿನವಾಗಿತ್ತು. ಮೈದುನನ ಮಗಳು ಧೃತಿ ಅವಳ ಮಡಿಲಲ್ಲಿ ಆಡಿದ ಹುಡುಗಿ. 'ಮನೆಯಲ್ಲಿ ಹೋಮವಿದೆ, ಹದಿನೈದು ದಿನ ಬಿಟ್ಟು ಹುಡುಗಿಯ ತಂದೆ ಬರೆಯುತ್ತಾರೆ, ತಾವು ದಯಮಾಡಿ ಕಾಯಬೇಕು' ಎಂದು ಅವಳು ಆ ಮೈಸೂರಿನವರಿಗೆ ಅವತ್ತೇ ಉತ್ತರ ಬರೆಸಿದ್ದಳು. ಅವರೂ ಆಗಲಿ ಎಂದಿದ್ದರು. ಹುಡುಗಿಗೆ ಕೇಡು ಮಾಡುವ ಮನಸ್ಸು ಅವಳಿಗಿರಲಿಲ್ಲ. ಹಾಗೆಂದು ಹುಡುಗಿಯ ಅಪ್ಪನಿಗೆ ಅದನ್ನು ಹೇಳುವ ಮನಸ್ಸೂ ಇರಲಿಲ್ಲ. "ಬರುತ್ತೆ ಕಮಲೂ, ಬರುತ್ತೆ," ಎಂದಳು ಅಷ್ಟೇ.

ಹೋಮವಾದ ನಾಲ್ಕನೇ ದಿನ ಬೆಳಗ್ಗೆ ಹತ್ತು ಗಂಟೆಗೆ ರಾಮಪ್ರಸಾದ ಗೇಟು ದಬ್ಬಿಕೊಂಡು ಬಂದ. ಮುಖ ಕೆಂಪಗೆ ಕೆಂಡ. ಸುಬ್ರಹ್ಮಣ್ಯಪುರದ ವಿಮಲಾ ಅವನ ಆಫೀಸಿಗೆ ಹೋಗಿ, "ನಮ್ಮ ತಂಗಿ ವಿಷಯಕ್ಕೆ ಬರೆದಿದ್ದೆ, ದೊಡ್ಡಮ್ಮ ಎರಡೇ ದಿನಕ್ಕೆ ಪಾದ ಸಮೇತ ಉತ್ತರ ಕೊಟ್ರು, ನೀವೇನು ಅರಳುಮರಳು ಅಂತೀರಲ್ಲ" ಎಂದು ಹಾಳೆ ತೋರಿಸಿ ಬಂದಿದ್ದಳು. ಆಮೇಲೆ ಅವನು ಕಂಪ್ಯೂಟರಿನವರನ್ನು ಕೇಳಿ, ಕಾಗದದ ಡಬ್ಬಿ ಬೇರೆಡೆಗೆ ಹೋಗಿದೆ ಎಂದು ತಿಳಿದುಕೊಂಡಿದ್ದ.

"ಅತ್ತಿಗೆ! ಏನಿದು? ಯಾರೋ ನಿಮಗೆ ತಲೆಕೆಡಿಸಿ ನನ್ನ ವೆಬ್‌ಸೈಟಿಗೆ ಕೈ ಹಾಕಿಸಿದಾರೆ. ಪೊಲೀಸರಿಗೆ ಕೊಡ್ತೀನಿ!"

"ಕೊಡು. ಖಾತೆ ಯಾರ ಹೆಸರಲ್ಲಿದೆ ಅಂತ ಅವರು ಮೊದಲು ಕೇಳ್ತಾರೆ. ಶ್ರಾವಣ ಶುಕ್ರವಾರ, ಹೂರಣ ರುಬ್ಬುತ್ತಿದ್ದೆ, ನೀನು ಹೊಸ್ತಿಲಾಚೆ ನಿಂತಿದ್ದೆ, ನೀಲಿ ಗೆರೆ ಅಂಗಿ. ಸಾಡೇಸಾತಿ ಅಂದೆ. ನೆನಪಿದೆಯೇನೋ ಪ್ರಸಾದ?"

ರಾಮಪ್ರಸಾದನಿಗೆ ನೆನಪಾಯಿತೆಂದು ಅವನ ಮುಖವೇ ಹೇಳಿತು. ನಿಧಾನವಾಗಿ ಬೆತ್ತದ ಕುರ್ಚಿಯ ಮೇಲೆ ಕುಸಿದ.

ಸೀತಾಲಕ್ಷ್ಮಿ ಸೆರಗಿನ ಗಂಟು ಬಿಚ್ಚಿ ಹಾಳೆ ತೆಗೆದು ಅವನ ಮುಂದೆ ಹಿಡಿದಳು. 'ವಯೋಸಹಜ ಮರೆವು' ಎಂಬ ಸಾಲಿಗೆ ಅರಿಸಿನದಲ್ಲಿ ಗೆರೆ ಎಳೆದಿದ್ದಳು.

"ಬೈಬೇಡಿ, ಅತ್ತಿಗೆ. ತಪ್ಪಾಯ್ತು. ಡಬ್ಬಿ ವಾಪಸ್ ಕೊಟ್ಬಿಡಿ. ಮೈಸೂರಿನವರ ಕಾಗದ ಏನಾದ್ರೂ..."

"ಬಂದಿದೆ."

"ಒಪ್ಪಿದಾರಾ?"

"ಅದು ಕಾಗದದಲ್ಲಿದೆ. ಕಾಗದ ನನ್ನ ಹತ್ರ ಇದೆ." ಅವಳು ಫೋನಿನ ಮುಂದಿದ್ದ ಮಣೆಯನ್ನು ಕಾಲಿನಿಂದ ಅವನ ಕಡೆ ತಳ್ಳಿದಳು. "ಇಲ್ಲಿ ಬಂದು ಕೂರು. ನನಗೆ ಮರೆವು ಅಂತ ನೀನು ನಲವತ್ತೊಂದು ಮನೆಗೆ ಹೇಳಿದೀಯ. ಒಂದೊಂದು ಮನೆಗೂ ಈಗ ನೀನೇ ಫೋನ್ ಮಾಡು. ನಾನು ಹೇಳಿದ್ದು ಸುಳ್ಳು, ಅತ್ತಿಗೆಗೆ ಎಲ್ಲಾ ನೆನಪಿದೆ ಅಂತ ಹೇಳು. ಮುಗಿದ ಮೇಲೆ ಕಾಗದ."

"ನಲವತ್ತೊಂದಾ! ಎಲ್ಲರ ನಂಬರೂ ಆಫೀಸಲ್ಲಿದೆ..."

"ನಂಬರು ನಾನು ಹೇಳ್ತೀನಿ, ನೀನು ಒತ್ತು. ಮೊದಲನೇದು ಸುಬ್ರಹ್ಮಣ್ಯಪುರ, ವಿಮಲಾನ ಅತ್ತೆ." ಕಣ್ಣು ಮುಚ್ಚಿ ಅಂಕಿ ಹೇಳತೊಡಗಿದಳು. "ಮುಂದೆ ಎರಡು ಸೇರಿಸ್ಕೊ. ಈಗ ಎಲ್ಲ ನಂಬರಿಗೂ ಎರಡು ಸೇರಿದೆ, ಗೊತ್ತಿಲ್ವಾ? ಅದೂ ಮರೀತಾ?"

ಮೊದಲ ಫೋನಿಗೆ ಅವನು ಗಂಟಲು ಕೆರೆದು, "ಏನಿಲ್ಲ, ಸ್ವಲ್ಪ ತಪ್ಪು ತಿಳಿವಳಿಕೆಯಾಗಿ..." ಎಂದು ಶುರುಮಾಡಿದ. ಸೀತಾಲಕ್ಷ್ಮಿ ಬೆರಳಿಟ್ಟು ಫೋನು ಕಡಿದಳು.

"ತಪ್ಪು ತಿಳಿವಳಿಕೆ ಯಾರದ್ದೂ ಅಲ್ಲ. ಸುಳ್ಳು ಅನ್ನು. ಸು-ಳ್ಳು. ಗೊತ್ತಾಯ್ತಾ?"

ಎರಡನೇ ಸಲ ಅಂದ. ಆ ಕಡೆಯಿಂದ ಮುದುಕಿಯೊಬ್ಬಳು ಬೈದದ್ದು ಕೋಣೆಗೆಲ್ಲ ಕೇಳಿಸಿತು. ಹನ್ನೆರಡನೇ ಮನೆಯವರು ನಕ್ಕರು, ಅದು ಬೈಗುಳಕ್ಕಿಂತ ಹೆಚ್ಚು ಉರಿಯಿತು. ಹದಿನೆಂಟನೆಯವರು ಊರಲ್ಲಿರಲಿಲ್ಲ. "ಅವರ ಮಗಳ ಮನೆ ರಾಜಾಜಿನಗರ, ಅಲ್ಲಿರ್ತಾರೆ" ಎಂದು ಆ ನಂಬರನ್ನೂ ಹೇಳಿದಳು. ಒಂದು ಗಂಟೆಗೆ ಹುಳಿ ಅನ್ನ ಬಡಿಸಿದಳು, ಹಪ್ಪಳ ಸುಟ್ಟು ಹಾಕಿದಳು. ಅವನು ತಲೆ ಎತ್ತದೆ ಉಂಡ. ಉಂಡ ಕೈ ತೊಳೆಯುತ್ತಿದ್ದಂತೆ, "ಇಪ್ಪತ್ತಮೂರು, ತ್ಯಾಗರಾಜನಗರ" ಎಂದು ಮಣೆ ತೋರಿಸಿದಳು.

ಸಂಜೆ ಐದೂವರೆಗೆ ನಲವತ್ತು ಮುಗಿಯಿತು. ಅವನ ದನಿ ಒಡೆದುಹೋಗಿತ್ತು.

"ಇನ್ನೊಂದು ಯಾರು? ನಾನು ಎಣಿಸಿದ ಹಾಗೆ ಎಲ್ಲಾ ಆಯ್ತು."

"ಎಲ್ಲರಿಗಿಂತ ಮೊದಲು ಯಾರಿಗೆ ಹೇಳ್ದೆ? ನಿನ್ನ ಹೆಂಡತಿಗೆ. ಆ ನಂಬರಾದರೂ ನಿನಗೆ ಬರುತ್ತೋ, ಅದೂ ನಾನೇ ಹೇಳ್ಬೇಕೋ?"

ಅವನು ಒತ್ತಿದ. ಆ ಕಡೆ ಕಮಲಾದೇವಿ ಎತ್ತಿದಳು. ನೆಲ ನೋಡುತ್ತಾ ಹೇಳಿದ, "ಕಮಲೂ, ಅತ್ತಿಗೆಗೆ ಮರೆವು ಅಂತ ನಾನು ಅಂದಿದ್ನಲ್ಲ, ಅದು ಸುಳ್ಳು." ಕಮಲಾದೇವಿಯ ದನಿ ಸ್ಪಷ್ಟವಾಗಿ ಬಂತು. "ಅದು ನನಗೆ ಮೊದಲೇ ಗೊತ್ತಿತ್ತು. ನೀವು ಯಾವಾಗ ಹೇಳ್ತೀರೋ ಅಂತ ಕಾಯ್ತಿದ್ದೆ. ಬರ್ತಾ ಹಾಲು ತನ್ನಿ."

ಸೀತಾಲಕ್ಷ್ಮಿ ದೇವರ ಗೂಡಿನಿಂದ ಮೈಸೂರಿನವರ ಕಾಗದ ತಂದು ಕೊಟ್ಟಳು. ಓದಿದವನ ಕಣ್ಣು ತುಂಬಿತು. "ಒಪ್ಪಿದಾರೆ, ಅತ್ತಿಗೆ." ಕಾಲು ಮುಟ್ಟಲು ಬಾಗಿದ. ಅವಳು ಕಾಲು ಹಿಂದಕ್ಕೆಳೆದುಕೊಂಡಳು.

"ನಾಳೆ ನನ್ನ ನೋಟ್‌ಬುಕ್ ಹನ್ನೊಂದೂ ತಂದಿಡು. ಆರನೇದರ ರಟ್ಟು ಹರಿದಿತ್ತು, ಅಂಟಿಸಿ ತಾ."

"ಮತ್ತೆ ಡಬ್ಬಿ? ಎಂ.ಎಕ್ಸ್. ಏನೋ ಅಂತಾರಲ್ಲ, ಅದು?"

"ಅದಾ? ಮರೆತೋಯ್ತು ನೋಡು," ಎಂದು ಬಾಗಿಲು ಹಾಕಿಕೊಂಡಳು.

ನೋಟ್‌ಬುಕ್ ಬಂದವು. ಧೃತಿಯ ಮದುವೆ ವೈಶಾಖದಲ್ಲಿ ಆಯಿತು. ಸೀತಾಲಕ್ಷ್ಮಿ ಹೋಗಿ ಮೊದಲ ಪಂಕ್ತಿಯಲ್ಲೇ ಕೂತು ಉಂಡಳು. ಜೆ.ಪಿ. ನಗರದ ಬೋರ್ಡು ಆಷಾಢದಲ್ಲಿ ಇಳಿಯಿತು. ಯಡಿಯೂರಿನ ಜಗುಲಿಗೆ ಮತ್ತೆ ಮಧ್ಯಾಹ್ನದ ಹೊತ್ತು ತಾಯಂದಿರು ಬರತೊಡಗಿದರು.

ಆದರೂ ಪ್ರತಿ ಮಂಗಳವಾರ, ಮೂರು ಗಂಟೆಯ ಮೇಲೆ, ಅವಳು ತಪ್ಪದೆ ಲಕ್ಕಪ್ಪನ ಅಂಗಡಿಗೆ ಹೋಗಿ ಅದೇ ಕುರ್ಚಿಯಲ್ಲಿ ಕೂರುತ್ತಿದ್ದಳು. ಲಕ್ಕಪ್ಪ ಕೇಳದೆಯೇ ಕಪ್ಪು ಚೌಕ ತೆರೆದು ಒಂದೊಂದೇ ಸಾಲು ಓದುತ್ತಿದ್ದ. ಬಾಗಿಲ ನಂಬರು, ಡಬ್ಬಿ, ಪುಸ್ತಕ ಇಟ್ಟವರು, ಖಾತೆ.

"ಅವನ ಹೆಸರು ಎಲ್ಲೂ ಇಲ್ಲ ತಾನೇ?"

"ಎಲ್ಲೂ ಇಲ್ಲ, ಅಮ್ಮಾವ್ರೇ."

ಅವಳು ಕನ್ನಡಕ ಒರೆಸಿ ಹಾಕಿಕೊಳ್ಳುತ್ತಿದ್ದಳು.

"ಇನ್ನೊಂದ್ಸಲ ನೋಡು."